ಉಳುವಾಗ ಸಿಕ್ಕ ಬೆಳ್ಳಿ, ಕೈತಪ್ಪಿದ ಜಾಗ

ಹೊಲದಲ್ಲಿ ನಿಧಿ ಸಿಕ್ಕಿತಂತೆ ಅನ್ನೋ ಸುದ್ದಿ ನಮ್ಮ ಕಡೆಗೆ ಹೊಸದೇನಲ್ಲ. ಜೆಸಿಬಿ ಬಂದ ಮೇಲೆ ಇನ್ನೂ ಜಾಸ್ತಿ ಆಗಿದೆ. ಏನು ಸಿಕ್ಕಿತು, ಎಷ್ಟು ಸಿಕ್ಕಿತು, ಯಾರು ಒಳಗೆ ಹಾಕಿಕೊಂಡರು ಅಂತ ಅರಳಿಕಟ್ಟೆ ಮೇಲೆ ಲೆಕ್ಕ ನಡೆಯುತ್ತೆ. ಆದರೆ ಸರಿಯಾಗಿ ಯಾವ ಜಾಗದಲ್ಲಿ ಸಿಕ್ಕಿತು ಅಂತ ಕೇಳಿ ನೋಡಿ, ಮೂರು ಜನ ಮೂರು ಹೊಲ ತೋರಿಸ್ತಾರೆ. ಆ ಒಂದು ಪ್ರಶ್ನೆಗೆ ಬೆಲೆ ಎಷ್ಟು ಅನ್ನೋದನ್ನ ಇವತ್ತು ಒಂದು ಹಳೇ ಪ್ರಕರಣ ಹಿಡಿದು ಬರೀತೀನಿ. ಪ್ರಕರಣ ಇಂಗ್ಲೆಂಡಿನದು. ದೂರದ್ದು ಅಂತ ಬಿಟ್ಟು ಮುಂದೆ ಹೋಗಬೇಡಿ. ಸಿಕ್ಕಿದ್ದು ಉಳುಮೆ ಮಾಡುವಾಗ, ಅದೂ ಕೂಲಿಗೆ ಉಳೋ ಒಬ್ಬ ಮನುಷ್ಯನಿಗೆ. ಅವನ ಮಾತನ್ನ ಓದಿದವರು ಎಷ್ಟೋ ವರ್ಷ ನಂಬಲಿಲ್ಲ. ಅದಕ್ಕೇ ಇದು ನಮ್ಮ ವಿಷಯವೂ ಹೌದು.

ಸಿಕ್ಕಿದ್ದು ಹೇಗೆ

ಇಂಗ್ಲೆಂಡಿನ ಪೂರ್ವಕ್ಕೆ ಸಫೊಕ್ ಅಂತ ಒಂದು ಜಿಲ್ಲೆ. ಅಲ್ಲಿ ಮಿಲ್ಡನ್‌ಹಾಲ್ ಅನ್ನೋ ಊರು, ಅದರ ಪಕ್ಕ ವೆಸ್ಟ್ ರೋ ಅನ್ನೋ ಹಳ್ಳಿ, ಹಳ್ಳಿಗೆ ಸೇರಿದ ಥಿಸ್ಲಿ ಗ್ರೀನ್ ಅನ್ನೋ ಜಾಗ. ಹತ್ತಿರವೇ ತಗ್ಗು ಪ್ರದೇಶ, ಹಿಂದೆ ಜೌಗು ಇದ್ದು ಕಾಲುವೆ ತೋಡಿ ನೀರು ಬಸಿದು ಬೇಸಾಯಕ್ಕೆ ತಂದ ಕಪ್ಪು ಮಣ್ಣಿನ ನೆಲ. 1942ರ ಜನವರಿ. ಎರಡನೇ ಮಹಾಯುದ್ಧ ನಡೀತಾ ಇತ್ತು. ಗಾರ್ಡನ್ ಬುಚರ್ ಅನ್ನೋ ಉಳುಮೆಗಾರ ಅಲ್ಲಿ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದ. ಹೊಲ ಅವನದಲ್ಲ. ಉಳುಮೆ ಗುತ್ತಿಗೆ ಹಿಡಿದಿದ್ದ ಸಿಡ್ನಿ ಫೋರ್ಡ್ ಅನ್ನುವವರದೂ ಅಲ್ಲ. ಹೊಲದ ಯಜಮಾನ ಮೂರನೆಯವನು. ನಮ್ಮಲ್ಲಿ ಬಾಡಿಗೆ ಟ್ರ್ಯಾಕ್ಟರ್ ಕರೆಸಿದ ಹಾಗೇ ಇಟ್ಟುಕೊಳ್ಳಿ.

ಆ ದಿನದ ಕಥೆಯನ್ನ ವಿವರವಾಗಿ ಬರೆದವರು ರೋಲ್ಡ್ ಡಾಲ್. ಮುಂದೆ ಮಕ್ಕಳ ಪುಸ್ತಕಗಳಿಂದ ಪ್ರಸಿದ್ಧರಾದ ಅದೇ ಲೇಖಕರು. 1946ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಓದಿ ನೇರ ಬುಚರ್ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದು ಬರೆದದ್ದು. ಅದು 1947ರಲ್ಲಿ ಅಚ್ಚಾಯ್ತು. ಅವರ ಪ್ರಕಾರ ಆ ಹೊಲಕ್ಕೆ ಸಕ್ಕರೆ ಬೀಟ್ ಹಾಕೋದಿತ್ತು. ಬೀಟ್ ಅಂದರೆ ಗಡ್ಡೆ ಬೆಳೆ, ಬೇರು ಕೆಳಗೆ ಇಳೀಬೇಕು, ಅದಕ್ಕೆ ಮಾಮೂಲಿಗಿಂತ ಆಳದ ಉಳುಮೆ. ನೇಗಿಲನ್ನ ಟ್ರ್ಯಾಕ್ಟರಿಗೆ ಸೇರಿಸೋ ಜಾಗದಲ್ಲಿ ಒಂದು ಮರದ ಗೂಟ ಇರ್ತಿತ್ತು. ನೇಗಿಲು ಏನಕ್ಕಾದರೂ ಸಿಕ್ಕಿಕೊಂಡರೆ ಗೂಟ ಮುರಿದು ನೇಗಿಲು ಉಳೀತಿತ್ತು. ನಮ್ಮ ರೋಟವೇಟರಿನ ಶಿಯರ್ ಬೋಲ್ಟ್ ಮಾಡೋ ಕೆಲಸವೇ. ಗೂಟ ಮುರೀತು, ಬುಚರ್ ಇಳಿದು ಕೈಯಲ್ಲಿ ಮಣ್ಣು ಕೆದರಿದ, ಲೋಹದ ಒಂದು ಅಂಚು ಕಂಡಿತು. ಹೋಗಿ ಫೋರ್ಡ್‌ನನ್ನ ಕರೆದುಕೊಂಡು ಬಂದ. ಇಬ್ಬರೂ ಸೇರಿ ಅಗೆದು ಒಂದೊಂದೇ ತೆಗೆದರು. ಹಿಮ ಬೀಳ್ತಾ ಇತ್ತು, ಚಳಿ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದರು. ಚೀಲ ಫೋರ್ಡ್ ಮನೆ ಸೇರಿತು.

ಚೀಲದಲ್ಲಿ ಇದ್ದದ್ದು 34 ಪಾತ್ರೆ, ಚಮಚ. ಎಲ್ಲ ಬೆಳ್ಳಿ. ಸುಮಾರು 1600 ವರ್ಷ ಹಳೆಯ ರೋಮನ್ ಶ್ರೀಮಂತರ ಊಟದ ಸಾಮಾನು. ಅದರಲ್ಲಿ ಒಂದು ದೊಡ್ಡ ಹರಿವಾಣ, ಎರಡು ಅಡಿ ಅಗಲ, ತೂಕ 8 ಕೆಜಿ 256 ಗ್ರಾಂ. ನಡುವೆ ಸಮುದ್ರ ದೇವರ ಮುಖ, ಗಡ್ಡದೊಳಗಿಂದ ಡಾಲ್ಫಿನ್ ಮೀನುಗಳು ಮೂತಿ ಹಾಕಿವೆ. ಸುತ್ತ ಕುಣಿಯೋ ಹೆಣ್ಣು ಗಂಡುಗಳು, ದ್ರಾಕ್ಷಿ ಮದ್ಯದ ದೇವರು ಬಾಕಸ್, ಕುಡಿದು ತೂರಾಡೋ ಹರ್ಕ್ಯುಲಿಸ್. ಅಂಥ ಕೆಲಸ ಅಲ್ಲಿಯ ಮಣ್ಣಲ್ಲಿ ಯಾರೂ ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಾಲ್ಕು ವರ್ಷ ಕಳೆದು ಹೋಯ್ತು

ಮಣ್ಣಲ್ಲಿದ್ದು ಕಪ್ಪಾಗಿದ್ದರಿಂದ ಅದು ಬೆಳ್ಳಿ ಅಂತ ಕಾಣ್ತಿರಲಿಲ್ಲ. ಹಳೇ ಸೀಸ, ತವರದ ಪಾತ್ರೆ ಅಂದುಕೊಂಡೆ ಅಂತ ಫೋರ್ಡ್ ಆಮೇಲೆ ಹೇಳಿದ. ಆತನಿಗೆ ಹಳೇ ಸಾಮಾನು ಕೂಡಿಡೋ ಹವ್ಯಾಸ ಇತ್ತು. ತಿಕ್ಕಿ ತಿಕ್ಕಿ ಬೆಳಗಿ ಮನೆಯಲ್ಲೇ ಇಟ್ಟುಕೊಂಡ. ಯುದ್ಧ ಮುಗಿದ ಮೇಲೆ, 1946ರ ಈಸ್ಟರ್ ಹಬ್ಬದ ಹೊತ್ತಿಗೆ, ಪುರಾತನ ವಸ್ತು ತಿಳಿದ ಡಾ. ಹ್ಯೂ ಫಾಸೆಟ್ ಅನ್ನುವ ವೈದ್ಯರು ಫೋರ್ಡ್ ಮನೆಗೆ ಬಂದರು. ನೋಡಿದ ತಕ್ಷಣ ಇದು ರೋಮನ್ ಬೆಳ್ಳಿ ಅಂತ ಗುರುತಿಸಿ, ಸರ್ಕಾರಕ್ಕೆ ತಿಳಿಸಬೇಕು ಅಂದರು. ಅಲ್ಲಿಗೆ ಪೊಲೀಸು, ವಿಚಾರಣೆ, ಪಂಚರ ತೀರ್ಪು ಎಲ್ಲ ಆಯ್ತು. ನಿಧಿ ಅಂತ ಘೋಷಣೆ ಆಗಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಇವತ್ತೂ ಅಲ್ಲೇ ಇದೆ.

ಆಗಿನ ಅಲ್ಲಿಯ ಪದ್ಧತಿ ಹೀಗಿತ್ತು: ಮತ್ತೆ ತೆಗೆಯೋ ಉದ್ದೇಶದಿಂದ ಹೂತಿಟ್ಟ ಬೆಳ್ಳಿ ಬಂಗಾರಕ್ಕೆ ವಾರಸುದಾರ ಇಲ್ಲದಿದ್ದರೆ ಅದು ರಾಜನ ಪಾಲು, ಆದರೆ ಸಿಕ್ಕಿದವನು ತಡಮಾಡದೆ ತಿಳಿಸಿದರೆ ಅದರ ಪೂರ್ತಿ ಬೆಲೆ ಅವನಿಗೆ ಬಹುಮಾನ. ಇಲ್ಲಿ ನಾಲ್ಕು ವರ್ಷ ತಡ. ಕೊನೆಗೆ ಬುಚರ್‌ಗೆ ಸಾವಿರ ಪೌಂಡು, ಫೋರ್ಡ್‌ಗೆ ಸಾವಿರ ಪೌಂಡು ಅಂತ ಆಯ್ತು. ನಿಜವಾದ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಮೊದಲ ದಿನವೇ ಬುಚರ್ ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿದ್ದರೆ ಪೂರ್ತಿ ಮೊತ್ತ ಅವನದೇ ಆಗ್ತಿತ್ತು ಅನ್ನೋದು ಡಾಲ್ ಕಥೆಯ ತಿರುಳು.

ದುಡ್ಡಿನ ವಿಷಯ ಅಲ್ಲಿಗೆ ಮುಗೀತು. ಜಾಗದ ವಿಷಯ ಶುರುವಾಗಿದ್ದೇ ಅಲ್ಲಿಂದ.

ಅನುಮಾನ ಹುಟ್ಟಿದ್ದು ಯಾಕೆ

ಪುರಾತತ್ವದವರು ಕೇಳಿದ ಪ್ರಶ್ನೆಗಳು ಇವು. ಇಷ್ಟು ಉತ್ತಮ ದರ್ಜೆಯ ಬೆಳ್ಳಿ ರೋಮ್ ಸಾಮ್ರಾಜ್ಯದ ಒಂದು ಮೂಲೆಯಾದ ಬ್ರಿಟನ್ನಿಗೆ, ಅದೂ ಒಂದು ಹಳ್ಳಿ ಹೊಲಕ್ಕೆ ಹೇಗೆ ಬಂತು? ನೇಗಿಲು ತಾಗಿ ಸಿಕ್ಕಿದ್ದರೆ ಪಾತ್ರೆಗಳ ಮೇಲೆ ನೇಗಿಲಿನ ಗಾಯ ಎಲ್ಲಿ? ಅಗೆದ ಗುಂಡಿ ಎಲ್ಲಿ? ನಾಲ್ಕು ವರ್ಷ ಬಾಯಿ ಯಾಕೆ ಬಿಡಲಿಲ್ಲ? ಇದರ ಮೇಲೆ ಒಂದು ಗಾಳಿಸುದ್ದಿ: ಮಿಲ್ಡನ್‌ಹಾಲ್‌ನಲ್ಲಿ 1934ರಿಂದ ವಾಯುಪಡೆಯ ನಿಲ್ದಾಣ ಇತ್ತಲ್ಲ, ಯುದ್ಧದ ಕಾಲದಲ್ಲಿ ಆಫ್ರಿಕಾದಿಂದಲೋ ಇಟಲಿಯಿಂದಲೋ ಯಾರೋ ವಿಮಾನದಲ್ಲಿ ಕದ್ದು ತಂದು ಇಲ್ಲಿ ಸಿಕ್ಕಿತು ಅಂತ ಕಥೆ ಕಟ್ಟಿದ್ದಾರೆ ಅಂತ.

ಇದರ ಬೆನ್ನು ಹತ್ತಿದವರೆಲ್ಲ ದೊಡ್ಡ ಪದವೀಧರರೇ ಆಗಿರಲಿಲ್ಲ. ಆ ಸೀಮೆಯ ಗಾರ್ಡನ್ ಫೌಲರ್ ಅನ್ನುವವರು ಈಲಿ ಊರಿನ ಬೀಟ್ ಸಕ್ಕರೆ ಕಾರ್ಖಾನೆಯಲ್ಲಿ ಸಾಗಾಣಿಕೆ ನೋಡಿಕೊಳ್ತಿದ್ದವರು. ದೋಣಿಯಲ್ಲಿ ಬೀಟ್ ಸಾಗಿಸ್ತಾ ಸಾಗಿಸ್ತಾ ಆ ತಗ್ಗು ನೆಲದ ಹಳೇ ನದಿ ಹರಿವುಗಳನ್ನೆಲ್ಲ ಅಧ್ಯಯನ ಮಾಡಿ ಬರೆದಿದ್ದರು. ಹವ್ಯಾಸಿ, ಆದರೆ ಆ ಮಣ್ಣು ಅವರಿಗೆ ಗೊತ್ತು. ಕೇಂಬ್ರಿಡ್ಜಿನ ಟಿ. ಸಿ. ಲೆತ್‌ಬ್ರಿಜ್ ಇನ್ನೊಬ್ಬರು. ಇಂಥವರು ಊರವರನ್ನ ಕೇಳಿ, ಹೊಲ ಸುತ್ತಿ ನೋಡಿದರು. ಅಷ್ಟು ಹೊತ್ತಿಗೆ ನಾಲ್ಕು ವರ್ಷ ಬೇಸಾಯ ಆಗಿತ್ತು. ಇಲ್ಲೇ ಅಂತ ಬೆರಳಿಟ್ಟು ತೋರಿಸೋ ಗುರುತು ಉಳಿದಿರಲಿಲ್ಲ. ಎಷ್ಟೋ ವರ್ಷಗಳ ನಂತರ ಬ್ರಿಟಿಷ್ ಮ್ಯೂಸಿಯಮ್ಮಿನ ರಿಚರ್ಡ್ ಹಾಬ್ಸ್ ಹಳೇ ಕಾಗದ ಪತ್ರ ಎಲ್ಲ ಜಾಲಾಡಿ 2008ರಲ್ಲಿ ಒಂದು ಲೇಖನ, 2016ರಲ್ಲಿ ದೊಡ್ಡ ಪುಸ್ತಕ ಬರೆದರು.

ರೈತನ ಕಣ್ಣಲ್ಲಿ ಲೆಕ್ಕ

ಈಗ ಒಂದೊಂದೇ ಪ್ರಶ್ನೆಯನ್ನ ಉಳುವವನ ಕಡೆಯಿಂದ ನೋಡೋಣ.

ಮೊದಲು, ಅಷ್ಟು ಶತಮಾನ ಉತ್ತ ಹೊಲದಲ್ಲಿ ಅದಕ್ಕೆ ಮುಂಚೆ ಯಾಕೆ ಸಿಗಲಿಲ್ಲ? ಇದಕ್ಕೆ ಉತ್ತರ ಬೀಟ್ ಬೆಳೆಯಲ್ಲೇ ಇದೆ. ಮರದ ನೇಗಿಲು ಗೇಣುದ್ದ ಇಳಿದರೆ ಹೆಚ್ಚು. ಎತ್ತಿನ ನೇಗಿಲ ಕಾಲದಲ್ಲಿ ನಮಗೆ ಕಾಣದ ಕಲ್ಲು ಎಂ.ಬಿ. ಪ್ಲೌ ಹೊಡೆಸಿದ ವರ್ಷ ಮೇಲೆ ಬಂದದ್ದು ಎಲ್ಲರಿಗೂ ಗೊತ್ತು. ಹೊಸ ಬೆಳೆ, ಹೊಸ ಆಳ, ಹೊಸ ಟ್ರ್ಯಾಕ್ಟರು. ಆ ಆಳಕ್ಕೆ ಹೋದ ಮೊದಲ ಸಲವೇ ತಾಗಿದೆ ಅನ್ನೋದರಲ್ಲಿ ನನಗೇನೂ ವಿಚಿತ್ರ ಕಾಣಲ್ಲ.

ಎರಡನೆಯದು, ಗಾಯದ ಪ್ರಶ್ನೆ. ರೋಟವೇಟರಿಗೆ ಮಡಕೆ ಸಿಕ್ಕರೆ ಬೋಕಿ ಬೋಕಿ ಆಗುತ್ತೆ, ನಿಜ. ಆದರೆ ಇಲ್ಲಿ ಇದ್ದದ್ದು ಎಳೆಯೋ ನೇಗಿಲು, ಮುರಿಯೋ ಗೂಟ. ಗುಳ ತಾಗಿ ಭಾರ ಬಿದ್ದ ಕೂಡಲೇ ಗೂಟ ಪಟ್ ಅಂತ ಮುರಿದು ಟ್ರ್ಯಾಕ್ಟರು ಮುಂದೆ, ನೇಗಿಲು ಅಲ್ಲೇ. ಮತ್ತೆ ಸಾಮಾನನ್ನ ಒಂದರ ಮೇಲೊಂದು ಹೊಂದಿಸಿ ಹೂತಿದ್ದರೆ ನೇಗಿಲು ಮುಟ್ಟೋದು ಮೇಲಿನದನ್ನ ಮಾತ್ರ. ಕೆಳಗಿನವು ನೇಗಿಲಿನ ಆಳಕ್ಕಿಂತ ಕೆಳಗೇ ಇರ್ತವೆ. ಗಾಯ ಇಲ್ಲ ಅನ್ನೋದೊಂದರಿಂದಲೇ ಉಳುಮೆ ಸುಳ್ಳು ಅನ್ನೋಕೆ ಆಗಲ್ಲ.

ಮೂರನೆಯದು ಗುಂಡಿ. ಇಬ್ಬರು ಒಂದು ಸಂಜೆ ತೋಡಿದ ಗುಂಡಿ ಎಷ್ಟು ದೊಡ್ಡದಿರುತ್ತೆ? ಮುಚ್ಚಿ, ಮೇಲೆ ನಾಲ್ಕು ವರ್ಷ ಆಳದ ಉಳುಮೆ ಆದ ಮೇಲೆ ನೇಗಿಲು ಓಡೋ ಪದರದಲ್ಲಿ ಅದರ ಗುರುತು ಪೂರ್ತಿ ಕಲೆತು ಹೋಗುತ್ತೆ. ನೇಗಿಲು ಮುಟ್ಟದ ಕೆಳಗಿನ ಗಟ್ಟಿ ಮಣ್ಣಿನಲ್ಲಿ ಮಾತ್ರ ಬಣ್ಣದ ವ್ಯತ್ಯಾಸ ಉಳಿಯೋದು. ಹಳೇ ತಿಪ್ಪೆಗುಂಡಿ ಮುಚ್ಚಿದ ಜಾಗದಲ್ಲಿ ರಾಗಿ ಪೈರು ಎಷ್ಟೋ ವರ್ಷ ಕಡುಹಸಿರು ಬರುತ್ತಲ್ಲ, ಅದು ಹಾಗೇ. ಆದರೆ ತಿಪ್ಪೆಗುಂಡಿ ಆಳ, ಗೊಬ್ಬರ ಕೂತಿರುತ್ತೆ. ಬುಚರ್ ತೋಡಿದ್ದು ಅಂಥ ಗುಂಡಿ ಅಲ್ಲ. ಇಡೀ ಹೊಲವನ್ನ ಪದರ ಪದರವಾಗಿ ಬಿಡಿಸಿ ನೋಡಿದ್ದರೆ ಸಿಗ್ತಿತ್ತೇನೋ, ಅಷ್ಟು ದೊಡ್ಡ ಉತ್ಖನನ ಆಗ ನಡೆಯಲಿಲ್ಲ.

ನಾಲ್ಕನೆಯದು ವಿಮಾನದ ಕಥೆ. ಇಟಲಿಯ ನೆಲಕ್ಕೆ ಬ್ರಿಟನ್ ಕಡೆಯ ಸೈನ್ಯ ಕಾಲಿಟ್ಟದ್ದು 1943ರಲ್ಲಿ. ಬೆಳ್ಳಿ ಸಿಕ್ಕಿದ್ದು 1942ರ ಜನವರಿ. ತಾರೀಖು ನಿಜವಾದರೆ ಇಟಲಿ ಕಥೆ ಅಲ್ಲಿಗೇ ಬಿತ್ತು. ಆದರೆ ನ್ಯಾಯವಾಗಿ ಹೇಳಬೇಕು, ಬೆಳ್ಳಿ ಹೊರಗೆ ಬಂದದ್ದು 1946ರಲ್ಲಿ, 1942 ಅನ್ನೋದು ಆ ಇಬ್ಬರ ಬಾಯಿಮಾತು. ಆಫ್ರಿಕಾದ ಮರಳಿನಲ್ಲಂತೂ ಆಗಲೇ ಯುದ್ಧ ನಡೀತಿತ್ತು. ಹಾಗಾಗಿ ತಾರೀಖೊಂದೇ ಸಾಲದು, ಬೇರೆ ಆಸರೆ ಬೇಕು.

ಆಸರೆ ಎರಡು ಇದೆ. ಒಂದು, ಥಿಸ್ಲಿ ಗ್ರೀನ್‌ನಲ್ಲಿ ರೋಮನ್ ಕಾಲದ ಕಟ್ಟಡದ ತಳಪಾಯ 1932ರಲ್ಲೇ ಸಿಕ್ಕಿತ್ತು, ಅಂದರೆ ಬೆಳ್ಳಿಗೆ ಹತ್ತು ವರ್ಷ ಮುಂಚೆ. ಅದು ಬೆಳ್ಳಿಯ ಕಾಲಕ್ಕೇ ಸೇರಿದ್ದು. ಸುಳ್ಳು ಹೇಳುವವನೂ ಅಂಥ ಜಾಗವನ್ನೇ ಆರಿಸ್ತಾನೆ ಅಂತ ವಾದ ಮಾಡಬಹುದು. ಆದರೆ ಸುಳ್ಳು ಕಟ್ಟುವವನಿಗೆ ಅದರಿಂದ ಏನಾದರೂ ಸಿಗಬೇಕಲ್ಲ? ಬುಚರ್ ಮಾಡಿದ್ದೇನು? ಸಿಕ್ಕಿದ ಚೀಲವನ್ನ ಅದೇ ಸಂಜೆ ಇನ್ನೊಬ್ಬರಿಗೆ ಬಿಟ್ಟು ಮನೆಗೆ ಹೋದ. ನಾಲ್ಕು ವರ್ಷ ಒಂದು ಕಾಸು ಕೇಳಲಿಲ್ಲ. ಅಂಥವನು ಯಾಕೆ ಕಥೆ ಕಟ್ಟುತ್ತಾನೆ?

ಎರಡನೇ ಆಸರೆ ಮಣ್ಣೇ ಕೊಟ್ಟದ್ದು. 1975ರಲ್ಲಿ ಪಕ್ಕದ ಕೇಂಬ್ರಿಡ್ಜ್ ಕಡೆಯ ವಾಟರ್ ನ್ಯೂಟನ್‌ನಲ್ಲಿ ರೋಮನ್ ಬೆಳ್ಳಿ ಸಿಕ್ಕಿತು. 1979ರಲ್ಲಿ ಥೆಟ್‌ಫರ್ಡ್‌ನಲ್ಲಿ, 1992ರಲ್ಲಿ ಸಫೊಕ್ ಜಿಲ್ಲೆಯದೇ ಹಾಕ್ಸನ್‌ನಲ್ಲಿ. ಎಲ್ಲ ಆ ಪೂರ್ವ ಸೀಮೆಯೇ. ರೋಮನ್ನರ ಕೊನೆಗಾಲದಲ್ಲಿ ಅಲ್ಲಿ ಭಾರಿ ಶ್ರೀಮಂತರಿದ್ದರು, ಹೂತಿಟ್ಟು ಹೋಗಿ ವಾಪಸ್ ಬರಲಿಲ್ಲ ಅನ್ನೋದು ಸ್ಪಷ್ಟ ಆಯ್ತು. ಇಲ್ಲಿ ಇಂಥದ್ದು ಸಿಗೋಕೆ ಸಾಧ್ಯವೇ ಇಲ್ಲ ಅನ್ನೋ ಮೊದಲ ವಾದ ಅಲ್ಲಿಗೆ ಬಿದ್ದುಹೋಯ್ತು. ಹಾಬ್ಸ್ ಬರೆದದ್ದೂ ಬೆಳ್ಳಿ ಅಲ್ಲಿಯದೇ ಅನ್ನೋ ಕಡೆಗೆ. ಬುಚರ್ ನಿಜ ಹೇಳಿದ ಅನ್ನೋದೇ ನನ್ನ ಲೆಕ್ಕವೂ.

ಆದರೂ ನಷ್ಟ ತುಂಬಿ ಬರಲಿಲ್ಲ. ಬೆಳ್ಳಿ ಯಾವುದರಲ್ಲಿ ಇತ್ತು, ಪೆಟ್ಟಿಗೆಯಲ್ಲೋ ಬಟ್ಟೆಯಲ್ಲೋ? ಮನೆಯ ಒಳಗೆ ಹೂತದ್ದೋ ಹಿತ್ತಿಲಲ್ಲೋ? ಜೊತೆಗೆ ನಾಣ್ಯ ಇದ್ದಿದ್ದರೆ ಹೂತ ವರ್ಷ ಗೊತ್ತಾಗ್ತಿತ್ತು, ಅಗೆದ ಮಣ್ಣಲ್ಲಿ ಒಂದೆರಡು ಉಳಿದಿತ್ತೋ? ಎರಡು ಚಮಚದ ಮೇಲೆ ಪಾಪಿಟ್ಟೆಡೊ, ಪಾಸೆಂಟಿಯಾ ಅಂತ ಇಬ್ಬರ ಹೆಸರಿದೆ. ಅವರು ಆ ಮನೆಯವರೋ ಯಾರೋ? ಇದಕ್ಕೆಲ್ಲ ಉತ್ತರ ಇದ್ದದ್ದು ಆ ಎರಡು ಮೊಳದ ಗುಂಡಿಯಲ್ಲಿ. ತಟ್ಟೆ ಎತ್ತಿಕೊಂಡರು, ಗುಂಡಿ ಹೋಯ್ತು.

ಥೆಟ್‌ಫರ್ಡ್, ಹಾಕ್ಸನ್

ಥೆಟ್‌ಫರ್ಡ್‌ನದು ಇನ್ನೂ ಬೇಜಾರಿನ ಕಥೆ. ಕಟ್ಟಡಕ್ಕೆ ಸಿದ್ಧ ಮಾಡಿದ್ದ ನೆಲದಲ್ಲಿ ಅನುಮತಿ ಇಲ್ಲದೆ ಲೋಹಶೋಧಕ ಹಿಡಿದು ಹುಡುಕಿದವನಿಗೆ 22 ಚಿನ್ನದ ಉಂಗುರ, ಬೆಳ್ಳಿ ಚಮಚಗಳು ಸಿಕ್ಕವು. ಅನುಮತಿ ಇಲ್ಲದ್ದಕ್ಕೆ ಅವನು ತಿಂಗಳುಗಟ್ಟಲೆ ಸುಮ್ಮನಿದ್ದ. ವಿಷಯ ಹೊರಗೆ ಬರೋ ಹೊತ್ತಿಗೆ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು. ಅವನೂ ಬೇಗ ತೀರಿಕೊಂಡ. ಜಾಗ, ಸಾಕ್ಷಿ ಎರಡೂ ಹೋಯ್ತು.

ಹಾಕ್ಸನ್‌ನದು ಇದಕ್ಕೆ ಪೂರ್ತಿ ಉಲ್ಟಾ. 1992ರ ನವೆಂಬರ್ 16. ಒಬ್ಬ ಗೇಣಿ ರೈತ ಹೊಲದಲ್ಲಿ ಸುತ್ತಿಗೆ ಕಳಕೊಂಡಿದ್ದ. ಸುತ್ತಿಗೆ ಹುಡುಕಿಕೊಡೋಕೆ ಅವನ ಸ್ನೇಹಿತ ಎರಿಕ್ ಲಾಸ್ ಲೋಹಶೋಧಕ ತಂದ. ಸುತ್ತಿಗೆ ಬದಲು ಚಿನ್ನ ಬೆಳ್ಳಿ ಬರೋಕೆ ಶುರುವಾಯ್ತು. ಲಾಸ್ ಒಂದಷ್ಟು ತೆಗೆದವನೇ ಕೈ ನಿಲ್ಲಿಸಿದ. ಪೂರ್ತಿ ಅಗೆಯಲಿಲ್ಲ. ನೆಲದ ಒಡೆತನ ಇದ್ದ ಜಿಲ್ಲಾ ಕೌನ್ಸಿಲ್‌ಗೆ ತಿಳಿಸಿದ. ಮಾರನೇ ದಿನವೇ ಪುರಾತತ್ವದವರು ಬಂದು ಉಳಿದದ್ದನ್ನ ಇದ್ದ ಹಾಗೇ ಬಿಡಿಸಿದರು. ಮರದ ಪೆಟ್ಟಿಗೆ ಕೊಳೆತು ಹೋಗಿದ್ದರೂ ಅದರ ಗಾತ್ರ, ಒಳಗೆ ಸಣ್ಣ ಪೆಟ್ಟಿಗೆಗಳಿದ್ದದ್ದು, ಯಾವುದರಲ್ಲಿ ಏನಿತ್ತು ಅನ್ನೋದು ಎಲ್ಲ ಗೊತ್ತಾಯ್ತು. ಹದಿನಾಲ್ಕು ಸಾವಿರ ಮೀರಿದ ನಾಣ್ಯಗಳಿಂದ, ಹೂತದ್ದು ಕ್ರಿ.ಶ. 407ರ ನಂತರ ಅಂತ ಹೇಳೋಕೆ ಸಾಧ್ಯ ಆಯ್ತು. ಬಹುಮಾನ 17 ಲಕ್ಷ 50 ಸಾವಿರ ಪೌಂಡು. ಲಾಸ್ ಅದನ್ನ ಗೇಣಿ ರೈತನ ಜೊತೆ ಹಂಚಿಕೊಂಡ. ಸುತ್ತಿಗೆಯೂ ಆಮೇಲೆ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೇ ಇದೆ.

ಆ ಪೆಟ್ಟಿಗೆಯಲ್ಲಿ ನಮಗೆ ಸಂಬಂಧಪಟ್ಟ ಸಾಮಾನೂ ಇತ್ತು. ಮೆಣಸಿನ ಪುಡಿ ಉದುರಿಸೋ ನಾಲ್ಕು ಬೆಳ್ಳಿ ಡಬ್ಬಿ. ಒಂದು ರಾಣಿಯಂಥ ಹೆಂಗಸಿನ ರೂಪದಲ್ಲಿದೆ. ಆ ಕಾಲಕ್ಕೆ ರೋಮನ್ನರಿಗೆ ಕರಿಮೆಣಸು ಹೋಗ್ತಾ ಇದ್ದದ್ದು ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ, ಮಲಬಾರ್ ಬಂದರುಗಳ ಮೂಲಕ. ಅಡಿಕೆ ಮರಕ್ಕೆ ಹಬ್ಬಿಸೋ ಬಳ್ಳಿಯ ಕಾಳು ಅಷ್ಟು ದೂರದ ಊಟದ ಮೇಜಿನ ಮೇಲಿತ್ತು.

ನಮ್ಮ ಮಣ್ಣಿನ ಮಾತು

ಮೆಣಸು ಆ ಕಡೆ ಹೋದರೆ ಅವರ ದುಡ್ಡು ಈ ಕಡೆ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲ್ವೆ ಕೆಲಸಕ್ಕೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಕಡೆ ಮತ್ತೆ ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಚಂದ್ರವಳ್ಳಿಯಲ್ಲಿ ಕ್ರಮವಾಗಿ ಉತ್ಖನನ ಆಗಿದ್ದರಿಂದ ಆ ಜಾಗದ ಚರಿತ್ರೆ ಬರೆಯೋಕೆ ಆಯ್ತು.

ನಮ್ಮ ದೇಶದಲ್ಲಿ ನಿಧಿ ಕಾಯಿದೆ ಬ್ರಿಟಿಷರ ಕಾಲದ್ದು, 1878ರದು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕು ಅನ್ನುತ್ತೆ. ಏನು ತಿಳಿಸಬೇಕು ಅನ್ನೋದನ್ನ ಗಮನಿಸಿ: ಸಿಕ್ಕಿದ್ದು ಏನು ಎಷ್ಟು, ಸಿಕ್ಕ ಜಾಗ, ಸಿಕ್ಕ ದಿನ. ಜಾಗ ಅನ್ನೋದನ್ನ ಅವತ್ತೇ ಬರೆದಿದ್ದಾರೆ. ಮುಚ್ಚಿಟ್ಟವನಿಗೆ ಶಿಕ್ಷೆಯೂ ಉಂಟು, ಅವನ ಪಾಲೂ ಹೋಗುತ್ತೆ. ನಮ್ಮ ರಾಜ್ಯದ್ದೇ ನಿಧಿ ಕಾಯಿದೆ 1962ರದು.

ಇಷ್ಟು ಬರೆದದ್ದು ಯಾಕೆ ಅಂದರೆ, ನಮ್ಮ ಹೊಲಗಳಲ್ಲಿ ಚಿನ್ನ ಸಿಗದಿದ್ದರೂ ವೀರಗಲ್ಲು, ಅಕ್ಷರದ ಕಲ್ಲು, ತಾಮ್ರದ ತಗಡು, ಹಳೇ ಮಡಕೆ ಸಿಗ್ತಾನೇ ಇರ್ತವೆ. ಕಲ್ಲನ್ನ ಎಳೆದು ಬದುವಿಗೆ ಹಾಕ್ತೀವಿ, ಇಲ್ಲ ದೇವಸ್ಥಾನದ ಮುಂದೆ ನಿಲ್ಲಿಸ್ತೀವಿ. ಎರಡು ತಲೆಮಾರು ಆದರೆ ಅದು ಎಲ್ಲಿಂದ ಬಂತು ಅನ್ನೋದು ಯಾರಿಗೂ ನೆನಪಿರಲ್ಲ. ಅಕ್ಷರದ ಕಲ್ಲು ಒಂದು ಕೆರೆಯ ಗದ್ದೆಗೋ ಊರ ಎಲ್ಲೆಗೋ ಸಂಬಂಧಪಟ್ಟಿದ್ದರೆ ಅದು ನಿಂತಿದ್ದ ಜಾಗವೇ ಅದರ ಅರ್ಧ ಅರ್ಥ.

ಹಾಗಾಗಿ ಏನಾದರೂ ತಾಗಿದರೆ ಟ್ರ್ಯಾಕ್ಟರನ್ನೋ ಜೆಸಿಬಿಯನ್ನೋ ಅಲ್ಲೇ ನಿಲ್ಲಿಸಿ. ಮೇಲೆ ಕಂಡದ್ದನ್ನ ಬಿಟ್ಟು ಕೆಳಗೆ ಕೆದಕಬೇಡಿ, ತೊಳೆಯಬೇಡಿ, ತಿಕ್ಕಬೇಡಿ. ಇದ್ದ ಹಾಗೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಗುದ್ದಲಿ ಇಟ್ಟು ಒಂದು, ದೂರ ನಿಂತು ಮರವೋ ಬಾವಿಯೋ ಕಾಣೋ ಹಾಗೆ ಇನ್ನೊಂದು. ಸರ್ವೆ ನಂಬರು, ಯಾವ ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಅಂತ ಬರೆದಿಡಿ. ಕ್ರಯಪತ್ರಕ್ಕೆ ಚೆಕ್ಕುಬಂದಿ ಬರೆಯೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದೇ ರೀತಿ. ಮೊಬೈಲಿನಲ್ಲಿ ಜಾಗದ ಗುರುತು ಹಾಕಿಟ್ಟರೆ ಇನ್ನೂ ಒಳ್ಳೆಯದು. ಅದೇ ದಿನ ತಹಶೀಲ್ದಾರರಿಗೋ ಪೊಲೀಸ್ ಠಾಣೆಗೋ ಬರಹದಲ್ಲಿ ಕೊಟ್ಟು, ಸ್ವೀಕೃತಿ ತಗೊಳ್ಳಿ. ಪುರಾತತ್ವ ಇಲಾಖೆಗೂ ಒಂದು ಪ್ರತಿ ಹೋಗಲಿ. ಉತ್ತವನು ಕೂಲಿಯವನಾದರೆ ಸಿಕ್ಕಿದವನು ಅಂತ ಅವನ ಹೆಸರನ್ನೇ ಬರೆಯಿರಿ. ಗಾರ್ಡನ್ ಬುಚರ್‌ಗೆ ಅವತ್ತು ಅಷ್ಟು ಮಾಡಿಕೊಡುವವರು ಒಬ್ಬರಿದ್ದಿದ್ದರೆ ಸಾಕಿತ್ತು.

ನಿಮ್ಮ ಬದುವಿನ ಮೇಲೆ, ಕಣದ ಮೂಲೆಯಲ್ಲಿ ಅಂಥ ಕಲ್ಲು ಬಿದ್ದಿದ್ದರೆ ಮನೆಯ ಹಿರಿಯರನ್ನ ಈಗಲೇ ಕೇಳಿ, ಯಾವ ಹೊಲದಲ್ಲಿ ಸಿಕ್ಕಿದ್ದು ಅಂತ. ಅವರಿಗೆ ಇನ್ನೂ ನೆನಪಿರುತ್ತೆ. ಕೇಳಿದ್ದನ್ನ ಬರೆದಿಟ್ಟುಕೊಳ್ಳಿ.